19ನೇ ಶತಮಾನದ ಬ್ರಿಟಿಷ್ ಹೆಂಗಸರ ಡೈರಿಗಳು: ಮನೆಯೊಳಗಿನ ಬದುಕು ತಿಳಿಯೋಕೆ ಯಾವುದನ್ನ ಓದಲಿ, ಎಷ್ಟು ನಂಬಲಿ?

ಚೈತ್ರಾ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಎಂ.ಎ. ಇತಿಹಾಸ ಎರಡನೇ ವರ್ಷ. ಸೆಮಿನಾರ್‌ಗೆ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮನೆವಾರ್ತೆ ಅನ್ನೋ ವಿಷಯ ತಗೊಂಡೀನಿ. ಆ ಕಾಲದ ಕಾದಂಬರಿಗಳಲ್ಲಿ ಹಜಾರ, ಪಿಯಾನೋ, ಮದುವೆ ಮಾತುಕತೆ ಬೇಕಾದಷ್ಟು ಸಿಗ್ತಾವು. ಆದರೆ ಬೆಳಿಗ್ಗೆ ಒಲೆ ಹಚ್ಚಿದವರು ಯಾರು, ಬಚ್ಚಲು ತೊಳೆದವರು ಯಾರು, ಮಂಗಳವಾರ ಮಧ್ಯಾಹ್ನ ಏನು ಉಂಡರು, ಇದು ಸಿಗೋದಿಲ್ಲ. ಗೈಡ್ ಮೇಡಂ "ಹೆಂಗಸರ ಡೈರಿ ಓದು" ಅಂದರು. ಇನ್ನೊಬ್ಬ ಸರ್ "ಡೈರಿ ಅಂದ್ರ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳೋ ಸುಳ್ಳು, ಅದರ ಮ್ಯಾಲೆ ಇತಿಹಾಸ ಕಟ್ಟಬ್ಯಾಡ" ಅಂದರು. ಇಬ್ಬರ ನಡುವೆ ನಾನು ಸಿಕ್ಕೊಂಡೀನಿ.

ಯಾರಾದರೂ ಇಂಥ ಡೈರಿ ಓದಿದವರು ಇದ್ದೀರಾ? ಎರಡು ಮೂರು ಹೆಸರು ಹೇಳಿದರೆ ಸಾಕು. ನಂಬೋದು ಹೆಂಗ ಅಂತಲೂ ತಿಳಿಸಿದರೆ ಇನ್ನೂ ಉಪಕಾರ.

ರಾಘವೇಂದ್ರ ಕೆ.

ವಿಕ್ಟೋರಿಯಾ ರಾಣಿಯ ದಿನಚರಿಯಿಂದಲೇ ಶುರು ಮಾಡಿ. 1832ರಲ್ಲಿ, 13 ವರ್ಷದವಳಿದ್ದಾಗ ಬರೆಯಲು ಶುರುಮಾಡಿ 1901ರಲ್ಲಿ ಸಾಯುವ ಕೆಲವೇ ದಿನ ಮುಂಚಿನವರೆಗೂ ಬರೆದಿದ್ದಾಳೆ. 141 ಸಂಪುಟ! 2012ರಲ್ಲಿ ಆನ್‌ಲೈನ್‌ಗೂ ಬಂತು. ಒಂದು ಎಚ್ಚರಿಕೆ: ನಾವು ಓದುವುದರಲ್ಲಿ ಬಹುಪಾಲು ಕಿರಿಮಗಳು ಬಿಯಾಟ್ರಿಸ್ ಪ್ರತಿ ಮಾಡಿದ್ದು. ಅವಳು ತನಗೆ ಬೇಡವೆನಿಸಿದ್ದನ್ನು ಬಿಟ್ಟು ನಕಲು ಮಾಡುತ್ತ, ಮೂಲವನ್ನು ಸುಡುತ್ತ ಹೋದಳು.

ಅರಮನೆಯ ಮನೆವಾರ್ತೆಯೂ ಸ್ವಾರಸ್ಯವಾಗೇ ಇದೆ. 1840ರ ದಶಕದ ಆರಂಭದಲ್ಲಿ ರಾಣಿ ದಂಪತಿಯ ಸಲಹೆಗಾರ ಬ್ಯಾರನ್ ಸ್ಟಾಕ್‌ಮರ್ ಬರೆದ ಟಿಪ್ಪಣಿಯ ಪ್ರಕಾರ, ಅಗ್ಗಿಷ್ಟಿಕೆಗೆ ಕಟ್ಟಿಗೆ ಜೋಡಿಸುವುದು ಒಂದು ಇಲಾಖೆಯ ಕೆಲಸ, ಅದಕ್ಕೆ ಬೆಂಕಿ ಹಚ್ಚುವುದು ಇನ್ನೊಂದರದ್ದು. ಕಿಟಕಿ ಗಾಜಿನ ಒಳಮೈ ಒರೆಸುವವರು ಒಬ್ಬರು, ಹೊರಮೈ ಒರೆಸುವವರು ಬೇರೆ. ಎರಡೂ ಒಟ್ಟಿಗೆ ಸ್ವಚ್ಛವಾಗಿರುತ್ತಿದ್ದದ್ದೇ ಅಪರೂಪ. ನಮ್ಮ ಕಚೇರಿಗಳು ನೆನಪಾಗಲಿಲ್ಲವೇ?

ಸುಮಂಗಲಾ (ಸಾಗರ, ಈಗ ಲಂಡನ್)

ರಾಘವೇಂದ್ರ ಅವರು ಹೇಳಿದ್ದು ಚಂದ ಇದೆ. ಆದರೆ ಚೈತ್ರಾ ಕೇಳಿದ್ದು ಬಚ್ಚಲು ತೊಳೆದವರ ವಿಷಯ, ರಾಣಿ ತೊಳೆಯಲಿಲ್ಲ.

ನಾನು ಇತಿಹಾಸ ಓದಿದವಳಲ್ಲ. ಇಲ್ಲಿನ ಒಂದು ಹೋಟೆಲಲ್ಲಿ ಹೌಸ್‌ಕೀಪಿಂಗ್ ಕೆಲಸ. ಮೊದಲು ರೂಮು ಮಾಡ್ತಿದ್ದೆ, ಈಗ ಬೇರೆಯವರು ಮಾಡಿದ ರೂಮು ಸರಿಯಿದೆಯಾ ಅಂತ ನೋಡ್ತೇನೆ. ಹಾಗಾಗಿ ನಾನು ಡೈರಿ ಓದೋದೂ ಅದೇ ಕಣ್ಣಲ್ಲಿ. ಇದನ್ನ ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಸಿದ್ಧಾಂತ ಎಲ್ಲಿ ಅಂತ ಕೇಳಬೇಡ.

ನೀನು ಮೊದಲು ಓದಬೇಕಾದ್ದು ಹ್ಯಾನಾ ಕಲ್ವಿಕ್. 1833ರಲ್ಲಿ ಶ್ರಾಪ್‌ಶೈರಿನ ಶಿಫ್ನಲ್ ಎಂಬ ಊರಲ್ಲಿ ಹುಟ್ಟಿದವಳು. ಶಾಲೆ ಕಂಡದ್ದು ಎಂಟು ವರ್ಷದವರೆಗೆ ಮಾತ್ರ, ಅಲ್ಲಿಂದ ಮುಂದೆ ಇನ್ನೊಬ್ಬರ ಮನೆ ಚಾಕರಿ. ಅಡುಗೆ, ಪಾತ್ರೆ, ಕಸ, ಮಸಿ ಎಲ್ಲ ಮಾಡುವ ಕೆಲಸದಾಕೆ. 1854ರಿಂದ 1873ರವರೆಗೆ ಬರೆದ ಡೈರಿ ಉಳಿದಿದೆ, 1984ರಲ್ಲಿ ಪುಸ್ತಕವಾಗಿಯೂ ಬಂತು. ಅಂಥ ಹೆಂಗಸೊಬ್ಬಳ ಇಷ್ಟು ಬರಹ ಉಳಿದದ್ದೇ ಪುಣ್ಯ. 1840ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮದುವೆ ದಾಖಲೆಗೆ ಸಹಿ ಹಾಕಲು ಬಾರದೆ ಬರೀ ಗೀಟು ಎಳೆದ ವಧುಗಳು ಹತ್ತಿರ ಹತ್ತಿರ ಅರ್ಧದಷ್ಟಿದ್ದರು.

ಅವಳ ಒಂದು ದಿನ ನೋಡು. 14 ಜುಲೈ 1860, ಶನಿವಾರ. ನನ್ನ ಮಾತಲ್ಲಿ ಹೇಳ್ತೇನೆ:

ಕಿಟಕಿ ಬಾಗಿಲು ತೆಗೆದು ಅಡುಗೆಮನೆ ಒಲೆ ಹಚ್ಚಿದಳು. ಮಸಿ ಕೊಡವಿ ಕಸದ ಗುಂಡಿಗೆ ಸುರಿದಳು. ಕೋಣೆಗಳನ್ನೂ ಹಜಾರವನ್ನೂ ಗುಡಿಸಿ, ಧೂಳು ಒರೆಸಿ, ಅಗ್ಗಿಷ್ಟಿಕೆ ಸರಿಮಾಡಿ ತಿಂಡಿ ಕಳಿಸಿದಳು. ಎರಡು ಜೊತೆ ಬೂಟು ಉಜ್ಜಿದಳು. ಹಾಸಿಗೆ ಸರಿಮಾಡಿ, ರಾತ್ರಿಯ ಪಾತ್ರೆಯ ಹೊಲಸು ಚೆಲ್ಲಿದಳು. ತಿಂಡಿಯ ತಟ್ಟೆ ತೊಳೆದು, ಬೆಳ್ಳಿ ಸಾಮಾನು ಬೆಳಗಿ, ಚಾಕು ತಿಕ್ಕಿ, ಊಟ ಕಳಿಸಿದಳು. ಅಡುಗೆಮನೆ ಚೊಕ್ಕ ಮಾಡಿ ಬುಟ್ಟಿಯ ಸಾಮಾನು ಬಿಚ್ಚಿಟ್ಟಳು. ಪಕ್ಕದ ಯಾರದೋ ಮನೆಗೆ ಎರಡು ಕೋಳಿ ಕೊಟ್ಟು, ಅವರು ಹೇಳಿಕಳಿಸಿದ್ದನ್ನು ತಂದಳು. ಟಾರ್ಟ್ ಮಾಡಿ, ಎರಡು ಬಾತುಕೋಳಿಯ ಪುಕ್ಕ ಕಿತ್ತು, ಕರುಳು ತೆಗೆದು, ಹುರಿದಳು. ಮಂಡಿಯೂರಿ ಮುಂಬಾಗಿಲ ಮೆಟ್ಟಿಲು ತಿಕ್ಕಿದಳು. ಬೂಟಿನ ಕೆಸರು ಕೆರೆಯುವ ಕಬ್ಬಿಣಕ್ಕೆ ಕರಿ ಪಾಲಿಶ್ ಹಾಕಿದಳು. ಬೀದಿ ಬದಿಯ ಚಪ್ಪಡಿ, ಅದೂ ಮಂಡಿಯೂರಿ. ಪಾತ್ರೆ. ಉಗ್ರಾಣದ ನೆಲ, ಮತ್ತೆ ಮಂಡಿ. ಮೇಜು, ಕಿಟಕಿಯ ಕಟ್ಟೆ. ರಾತ್ರಿ ಒಂಬತ್ತಕ್ಕೆ ಯಜಮಾನರಿಗೆ ಟೀ ಮಾಡಿದಳು, ಆದರೆ ತಾನು ಕೊಳೆಯಾಗಿದ್ದರಿಂದ ಇನ್ನೊಬ್ಬ ಕೆಲಸದವಳು ಒಯ್ದಳು. ಆಮೇಲೆ ಕಕ್ಕಸು, ಓಣಿ, ಪಾತ್ರೆ ತೊಳೆಯುವ ಕೋಣೆಯ ನೆಲ, ಮಂಡಿಯೂರಿ. ನಾಯಿಗೆ ಸ್ನಾನ. ಸಿಂಕು ತೊಳೆದದ್ದು. ರಾತ್ರಿಯೂಟ ಸಿದ್ಧಮಾಡಿ ಇಟ್ಟಳು, ಮೇಲೆ ಹೋಗಲಾರದಷ್ಟು ಕೊಳೆಯಾಗಿ ದಣಿದಿದ್ದರಿಂದ ಅದನ್ನೂ ಇನ್ನೊಬ್ಬಳೇ ಒಯ್ಯಬೇಕು. ತಾನೂ ಸ್ನಾನ ಮಾಡಿ ಮಲಗಿದಳು.

ಇದನ್ನ ಓದಿದವರೆಲ್ಲ "ಅಯ್ಯೋ ಪಾಪ" ಅಂತಾರೆ. ಪಾಪ ಹೌದು, ಆದರೆ ಇದರಲ್ಲಿ ನೋಡಬೇಕಾದ್ದು ಬೇರೆಯಿದೆ. ಕೆಲಸದ ಕ್ರಮ ನೋಡು. ಮಸಿ ಮೊದಲು, ಧೂಳು ಆಮೇಲೆ. ತಿರುಗುಮುರುಗು ಮಾಡಿದರೆ ಒರೆಸಿದ್ದೆಲ್ಲ ದಂಡ. ಹಾಸಿಗೆ ಮತ್ತು ರಾತ್ರಿ ಪಾತ್ರೆಯ ಕೆಲಸ ತಿಂಡಿ ಕಳಿಸಿದ ಮೇಲೆ, ಯಾಕಂದರೆ ಮನೆಯವರು ಎದ್ದು ಕೆಳಗೆ ಬರದೆ ಆ ಕೋಣೆ ಖಾಲಿಯಾಗೋದಿಲ್ಲ. ಚಾಕು ಊಟಕ್ಕೆ ಮುಂಚೆ, ಯಾಕಂದರೆ ಆಗ ತುಕ್ಕು ಹಿಡಿಯದ ಉಕ್ಕು ಇರಲಿಲ್ಲ, ದಿನಾ ತಿಕ್ಕದಿದ್ದರೆ ಊಟದ ಮೇಜಿನ ಮೇಲೆ ತುಕ್ಕು. ಬಾತುಕೋಳಿ ಬೆಂಕಿಯ ಮುಂದೆ ಬೇಯುವ ಹೊತ್ತಲ್ಲೇ ಅವಳು ಮೆಟ್ಟಿಲಿಗೆ ಹೋಗಿರಬೇಕು, ಇದು ನನ್ನ ಊಹೆ, ನಾನಾದರೂ ಹಾಗೇ ಮಾಡ್ತಿದ್ದೆ. ಕಕ್ಕಸು ದಿನದ ಕೊನೆಯ ಹೊತ್ತಿಗೆ. ಮೊದಲು ನಾಯಿ, ಆಮೇಲೆ ಸಿಂಕು! ನಾಯಿ ತೊಳೆದ ಮೇಲೆ ಸಿಂಕು ತೊಳೆಯದೆ ಬಿಡೋಕಾಗತ್ತಾ? ಆ ಸಿಂಕಿಗೂ ನಂತರದ ಸರದಿ ಅವಳ ಸ್ವಂತ ಮೈಯದ್ದು.

ಮೇಜಿನ ಮುಂದೆ ಕೂತು ಕೆಲಸದವಳ ದಿನ ಕಲ್ಪಿಸಿಕೊಂಡು ಬರೆಯುವವರು ಈ ಕ್ರಮದಲ್ಲಿ ಎಲ್ಲಾದರೂ ಎಡವೇ ಎಡವುತ್ತಾರೆ. ನಮ್ಮಲ್ಲಿ ಹೊಸಬರು ಕೆಲಸ ಮಾಡಿದ ಪಟ್ಟಿ ತುಂಬಿ ಕೊಟ್ಟಾಗ, ನಿಜವಾಗಿ ಮಾಡಿದ್ದು ಯಾವುದು, ಸುಮ್ಮನೆ ಟಿಕ್ ಹಾಕಿದ್ದು ಯಾವುದು ಅಂತ ನನಗೆ ಕ್ರಮದಿಂದಲೇ ಗೊತ್ತಾಗತ್ತೆ. ನಿನ್ನ ಸರ್ ಹೇಳಿದ "ತಮ್ಮ ಬಗ್ಗೆ ಸುಳ್ಳು" ಅನ್ನೋದು ಭಾವನೆಯ ಸಾಲುಗಳಿಗೆ ಹೊಂದಬಹುದು. ಸಿಂಕಿನ ಬಗ್ಗೆ ಯಾರು ಸುಳ್ಳು ಹೇಳ್ತಾರೆ?

ದಿನ ಶನಿವಾರ ಅನ್ನೋದನ್ನೂ ಗುರುತು ಹಾಕಿಕೋ. ನಾಳೆ ಭಾನುವಾರ, ಇಗರ್ಜಿಗೆ ಹೋಗುವ ಜನ ಬೀದಿಯಲ್ಲಿ ಓಡಾಡ್ತಾರೆ. ಮುಂಬಾಗಿಲ ಮೆಟ್ಟಿಲಿಗೂ ಬೀದಿ ಚಪ್ಪಡಿಗೂ ಅಷ್ಟು ಉಪಚಾರ ಅದಕ್ಕೇ ಇರಬಹುದು.

ವಿನಯ್ ಜಿ.

ಸುಮಂಗಲಾ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಮುಖ್ಯ ವಿಷಯವನ್ನೇ ಬಿಟ್ಟಿರಿ. ಹ್ಯಾನಾ ತನಗಾಗಿ ಬರೆದದ್ದಲ್ಲ. ಆರ್ಥರ್ ಮನ್ಬಿ ಎಂಬ ಮೇಲ್ವರ್ಗದ ವಕೀಲ, ಕವಿ, ಸರ್ಕಾರಿ ನೌಕರ ಅವಳಿಂದ ಬರೆಸಿದ್ದು. ದುಡಿಯುವ ಹೆಂಗಸರ ಕೊಳೆ, ಒರಟು ಕೈ, ಇವುಗಳ ಮೇಲೆ ಅವನಿಗೆ ವಿಚಿತ್ರ ಮೋಹ. ಅವಳು ಅವನನ್ನು "ಮಾಸ್ಸಾ" ಎನ್ನುತ್ತಿದ್ದಳು, ಗುಲಾಮರು ಒಡೆಯನನ್ನು ಕರೆಯುವ ಹಾಗೆ. ಕುತ್ತಿಗೆಗೆ ಸರಪಳಿ, ಅದಕ್ಕೊಂದು ಬೀಗ, ಬೀಗದ ಕೈ ಅವನ ಹತ್ತಿರ. ಮೈಗೆಲ್ಲ ಮಸಿ ಬಳಿದುಕೊಂಡು ಫೋಟೋ ಕೂಡ ತೆಗೆಸಿಕೊಂಡಿದ್ದಾಳೆ. ಆ ಒಂದು ದಿನದ ಬರಹದಲ್ಲಿ "ಮಂಡಿಯೂರಿ" ಎಂದು ನಾಲ್ಕು ಸಲ ಬರುತ್ತದೆ, ನೀವೇ ಬರೆದಿದ್ದೀರಿ. ಅದು ಯಾರ ಸಂತೋಷಕ್ಕೆ?

ಇಂಥ ಅಸಾಮಾನ್ಯ ಹೆಂಗಸನ್ನು ಲಕ್ಷಾಂತರ ಕೆಲಸದವರ ಪ್ರತಿನಿಧಿ ಎಂದರೆ ಸೆಮಿನಾರಿನಲ್ಲಿ ಮೊದಲ ಪ್ರಶ್ನೆಗೇ ಚೈತ್ರಾ ಉತ್ತರವಿಲ್ಲದೆ ನಿಲ್ಲಬೇಕಾಗುತ್ತದೆ.

ಸುಮಂಗಲಾ (ಸಾಗರ, ಈಗ ಲಂಡನ್)

ವಿನಯ್, ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನ ಎರಡನೇ ಕಂತಿಗೆ ಇಟ್ಟುಕೊಂಡಿದ್ದೆ, ನೀವೇ ಮುಂದೆ ತಂದಿರಿ.

ನಾನು ಮಾಡೋದು ಇಷ್ಟು: ಮನ್ಬಿಗೆ ಖುಷಿ ಕೊಡುವ ಮಾತನ್ನೆಲ್ಲ ಒಂದು ಕಡೆ ಸರಿಸ್ತೇನೆ. "ಮಂಡಿಯೂರಿ" ನಾಲ್ಕೂ ಆ ಕಡೆ. "ಮೇಲೆ ಹೋಗಲಾರದಷ್ಟು ಕೊಳೆಯಾಗಿದ್ದೆ" ಅನ್ನೋದೂ ಆ ಕಡೆ. ಮಂಡಿ ಊರದೆ ಚಪ್ಪಡಿ ತಿಕ್ಕೋಕೆ ಬರೋದಿಲ್ಲ ಅನ್ನೋದು ಬೇರೆ ಮಾತು, ಆದರೆ ಅದನ್ನ ಪ್ರತಿ ಸಲ ಬರೆದದ್ದು ಅವನಿಗಾಗಿ, ಒಪ್ಪಿದೆ. ಅಷ್ಟನ್ನೂ ತೆಗೆದ ಮೇಲೆ ಉಳಿಯೋದೇನು? ಎರಡು ಜೊತೆ ಬೂಟು. ಬುಟ್ಟಿಯಿಂದ ಬಿಚ್ಚಿದ ಸಾಮಾನು. ಯಾರ ಮನೆಗೋ ಕೊಟ್ಟ ಎರಡು ಕೋಳಿ. ಕೋಳಿ ಒಯ್ದು ಕೊಟ್ಟದ್ದರಲ್ಲಿ ಮನ್ಬಿಗೆ ಏನು ಮಜಾ ಸಿಗತ್ತೆ ಹೇಳಿ? ಅವನಿಗೆ ಬೇಕಾದ್ದು ಕೊಳೆ. ಕೊಳೆಯ ಜೊತೆಗೆ ಅವಳು ಇಡೀ ದಿನವನ್ನೇ ಕಟ್ಟಿ ಕೊಟ್ಟಳು. ಕೊಳೆಯ ವರ್ಣನೆ ಅವನದ್ದು ಅಂತ ಬೇಕಾದರೆ ಇಟ್ಟುಕೊಳ್ಳಿ, ಕೆಲಸದ ಲೆಕ್ಕ ಅವಳದ್ದು.

ಅವಳೇನೂ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಬೊಂಬೆಯಲ್ಲ. 1873ರ ಜನವರಿಯಲ್ಲಿ ಗುಟ್ಟಾಗಿ ಮದುವೆಯಾಯಿತು. ಮದುವೆಯ ಲೈಸೆನ್ಸ್ ಅವನು ತಂದಾಗ ಇವಳೇನೂ ಕುಣಿದಾಡಲಿಲ್ಲ. ತನಗೆ ಆ ಕಾಗದದ ಮೇಲಾಗಲಿ ಮದುವೆಯ ಮೇಲಾಗಲಿ ಅಂಥ ಆಸೆಯಿಲ್ಲ ಎಂದೇ ಬರೆದಳು. ಮದುವೆಯಾದ ಮೇಲೂ ಲಂಡನ್ನಿನಲ್ಲಿ ವಕೀಲರು ಇರುವ ಟೆಂಪಲ್ ಎಂಬ ಜಾಗದಲ್ಲಿದ್ದ ಅವನ ಕೋಣೆಗಳಲ್ಲಿ ಕೆಲಸದವಳ ಹಾಗೇ ಇದ್ದಳು, ಅಮ್ಮಾವ್ರ ವೇಷ ಅವಳಿಗೆ ಒಗ್ಗಲಿಲ್ಲ. 1877ರಲ್ಲಿ ಅಲ್ಲಿಂದ ಹೊರಟೂ ಹೋದಳು. 1873ರ ನಂತರ ಡೈರಿ ಇಲ್ಲ. ಅವನು ಗಂಡನಾದ, ಇವಳ ಬರವಣಿಗೆ ನಿಂತಿತು. ಇದರ ಅರ್ಥ ಏನು ಅಂತ ನೀವು ಓದಿದವರು ಹೇಳಿ.

ಪ್ರತಿನಿಧಿಯ ಮಾತಿಗೆ ಬಂದರೆ, ಡೈರಿ ಬರೆದ ಯಾವ ಕೆಲಸದವಳೂ ಪ್ರತಿನಿಧಿಯಲ್ಲ. ಇಡೀ ದಿನ ದುಡಿದು ರಾತ್ರಿ ಪೆನ್ನು ಹಿಡಿಯೋರು ಯಾರು? ಕೇಳುವವನೊಬ್ಬ ಇದ್ದ, ಅದಕ್ಕೇ ಬರೆದಳು. ಆ ಕಾಗದ ನಮ್ಮವರೆಗೆ ಬಂದದ್ದೂ ಅವನಿಂದಲೇ. ತನ್ನ ಪೆಟ್ಟಿಗೆಗಳನ್ನು ಅವನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಬಿಟ್ಟುಹೋದ, 1950ರವರೆಗೆ ತೆರೆಯಕೂಡದು ಅನ್ನೋ ಷರತ್ತಿನ ಮೇಲೆ. ಅವಳು ತೀರಿಕೊಂಡದ್ದು 1909ರಲ್ಲಿ, ಅವನು ಮರುವರ್ಷ. ಮನ್ಬಿಯನ್ನ ಬೈಯಬೇಕು ಅನ್ನಿಸಿದಾಗೆಲ್ಲ ಆ ಪೆಟ್ಟಿಗೆ ನೆನಪಾಗಿ ನನಗೆ ಬೈಗುಳ ಅರ್ಧಕ್ಕೇ ನಿಲ್ಲತ್ತೆ.

ಚೈತ್ರಾ (ಧಾರವಾಡ)

ಅಕ್ಕಾ, ಭಾಳ ಥ್ಯಾಂಕ್ಸ್. ವಿನಯ್ ಸರ್, ನಿಮಗೂ. ಪ್ರಶ್ನೆ ಎಲ್ಲಿಂದ ಬರ್ತದ ಅಂತ ಈಗ ಗೊತ್ತಾತು.

ಇನ್ನೊಂದು ಕೇಳ್ಲಾ? ಕೆಳಗಿನ ಅಡುಗೆಮನೆ ಹ್ಯಾನಾ ತೋರಿಸಿದಳು. ಮೇಲಿನ ಮಹಡಿಯ ಯಜಮಾನಿ ದಿನಾ ಏನು ಮಾಡ್ತಿದ್ದಳು? ಖರೇನ ಸುಮ್ಮನೆ ಕೂತು ಕಸೂತಿ ಹಾಕ್ತಿದ್ದಳಾ?

ಸುಮಂಗಲಾ (ಸಾಗರ, ಈಗ ಲಂಡನ್)

ಮೇರಿಯನ್ ಸ್ಯಾಂಬೋರ್ನ್ ಅನ್ನೋ ಹೆಸರು ಬರ್ಕೋ. ಪಂಚ್ ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್‌ನ ಹೆಂಡತಿ. ಕೆನ್ಸಿಂಗ್ಟನ್‌ನ 18, ಸ್ಟ್ಯಾಫರ್ಡ್ ಟೆರೇಸ್ ಅವರ ಮನೆ. 1881ರಿಂದ 1914ರಲ್ಲಿ ಸಾಯುವವರೆಗೆ ಡೈರಿ ಇಟ್ಟಳು. ಇವಳನ್ನು ಬರೆ ಅಂದವರು ಯಾರೂ ಇಲ್ಲ, ಓದುವವರೂ ಇಲ್ಲ. ಹಾಗಾಗಿ ಸಾಲುಗಳು ಗಿಡ್ಡ, ಒಣಕಲು. ಯಾರು ಬಂದರು, ಯಾರ ಮನೆಗೆ ಹೋದೆ, ಊಟಕ್ಕೆ ಏನಿತ್ತು, ಮೈ ಸರಿಯಿಲ್ಲ, ಅಡುಗೆಯವಳ ತಕರಾರು, ಗಂಡನ ಚಿತ್ರ ಪತ್ರಿಕೆಗೆ ಹೊತ್ತಿಗೆ ಮುಗಿಯತ್ತೋ ಇಲ್ಲವೋ. ಸಾಹಿತ್ಯ ಹುಡುಕೋರಿಗೆ ಇದರಲ್ಲಿ ಏನೂ ಇಲ್ಲ. ನನಗೆ ಅದೇ ಇಷ್ಟ. ಇವಳ ಡೈರಿ ಇಟ್ಟುಕೊಂಡೇ ಶರ್ಲಿ ನಿಕೋಲ್ಸನ್ ಎಂಬಾಕೆ 1988ರಲ್ಲಿ ಪುಸ್ತಕ ಬರೆದಿದ್ದಾರೆ, ಧಾರವಾಡದ ಲೈಬ್ರರಿಯಲ್ಲಿ ಇಲ್ಲದಿದ್ದರೆ ಗೈಡ್ ಮೇಡಂ ಹತ್ತಿರ ತರಿಸಿಕೊಡಿ ಅಂತ ಕೇಳು.

ಮನೆ ಈಗ ಮ್ಯೂಸಿಯಂ. ರಜೆ ಸಿಕ್ಕಾಗ ಹೋಗಿದ್ದೆ. ಅಗಲ ಇಲ್ಲ, ಬರೀ ಎತ್ತರ. ಅಡುಗೆಮನೆ ನೆಲದ ಮಟ್ಟಕ್ಕಿಂತ ಕೆಳಗೆ, ಅಟ್ಟದಲ್ಲಿ ಕೆಲಸದವಳ ಕೋಣೆ, ನಡುವಿನ ಮಹಡಿಗಳಲ್ಲಿ ಯಜಮಾನರ ಬದುಕು. ಹಜಾರದಲ್ಲಿ ಕೈಯಾಡಿಸೋಕೆ ಜಾಗ ಇಲ್ಲ. ನೀಲಿ-ಬಿಳಿ ಪಿಂಗಾಣಿ, ಗೋಡೆ ತುಂಬಾ ಚೌಕಟ್ಟು ಹಾಕಿದ ಚಿತ್ರ, ವಿಲಿಯಂ ಮಾರಿಸ್‌ನ ಗೋಡೆಕಾಗದ, ಬಣ್ಣದ ಗಾಜಿನ ಕಿಟಕಿ. ನನ್ನ ಜೊತೆ ಬಂದವಳು "ಎಷ್ಟು ಸುಂದರ" ಅಂದಳು. ನಾನು ನೋಡಿದ್ದು ಚೌಕಟ್ಟುಗಳ ಮೇಲಂಚು. ಒಂದೊಂದು ಅಂಚಿನ ಮೇಲೂ ಧೂಳು ಕೂರತ್ತೆ, ಅದೂ ಕೋಣೆಕೋಣೆಯಲ್ಲಿ ಕಲ್ಲಿದ್ದಲು ಉರಿಯುತ್ತಿದ್ದ ಕಾಲ. ಕಲ್ಲಿದ್ದಲು ಕೆಳಗಿಂದ ಮೇಲೆ ಹೋಗಬೇಕು, ಬೂದಿ ಮೇಲಿಂದ ಕೆಳಗೆ ಬರಬೇಕು. ಬಿಸಿನೀರೂ ಕೈಯಲ್ಲೇ. ಆ ಮೆಟ್ಟಿಲು ಹತ್ತಿ ಇಳಿದ ಮೇಲೆ ಹ್ಯಾನಾಳ "ಮೇಲೆ ಹೋಗಲಾರದಷ್ಟು ದಣಿದಿದ್ದೆ" ಅನ್ನೋ ಸಾಲು ನನಗೆ ಬೇರೆಯಾಗಿ ಕೇಳಿತು. ವಿನಯ್, ಕೊಳೆಯನ್ನ ಮನ್ಬಿಯ ಕಡೆ ಹಾಕಿದೆ, ದಣಿವನ್ನ ಹಾಕೋದಿಲ್ಲ.

ಕಸೂತಿಯ ಪ್ರಶ್ನೆಗೆ: ಇಲ್ಲ, ಮೇರಿಯನ್ ಸುಮ್ಮನೆ ಕೂರಲಿಲ್ಲ. ಅವಳದ್ದು ಮೇಲ್ವಿಚಾರಣೆ. ಕೆಲಸದವರನ್ನ ಹುಡುಕೋದು, ಉಳಿಸಿಕೊಳ್ಳೋದು, ಕಳಿಸೋದು, ಬಿಲ್ಲು ನೋಡೋದು, ಔತಣಕ್ಕೆ ಯಾರ ಪಕ್ಕ ಯಾರು ಅಂತ ಯೋಚಿಸೋದು. ನಾನೀಗ ಸಂಬಳ ತಗೊಂಡು ಮಾಡ್ತಿರೋದೂ ಅದೇ ಜಾತಿಯ ಕೆಲಸ. ಅವಳಿಗೆ ಸಂಬಳವೂ ಇಲ್ಲ, ಹೆಸರೂ ಇಲ್ಲ. 1881ರ ಇಂಗ್ಲೆಂಡ್ ಜನಗಣತಿಯಲ್ಲಿ ಮನೆವಾರ್ತೆ ನೋಡುವ ಹೆಂಡತಿಯರನ್ನ ಉದ್ಯೋಗವಿಲ್ಲದವರ ಲೆಕ್ಕಕ್ಕೆ ಸೇರಿಸಿದ್ದರು. ಅವಳು ಡೈರಿ ಶುರು ಮಾಡಿದ್ದೂ ಅದೇ ವರ್ಷ! ಇದು ಸೆಮಿನಾರಿಗೆ ಚೆನ್ನಾಗಿ ಬರತ್ತೆ ನೋಡು. ಒಂದು ಕೈಯಲ್ಲಿ ಜನಗಣತಿ, ಇನ್ನೊಂದು ಕೈಯಲ್ಲಿ ಇವಳ ಒಂದು ವಾರ.

ಮಕ್ಕಳ ವಿಷಯ ಬೇಕಿದ್ದರೆ ಎಲಿಜಬೆತ್ ಗ್ಯಾಸ್ಕೆಲ್. ಕಾದಂಬರಿಕಾರ್ತಿಯಾಗಿ ಹೆಸರು ಮಾಡುವುದಕ್ಕೆ ಎಷ್ಟೋ ಮೊದಲು, ಮ್ಯಾಂಚೆಸ್ಟರಿನಲ್ಲಿ ಪಾದ್ರಿಯ ಹೆಂಡತಿಯಾಗಿದ್ದಾಗ, 1835ರಿಂದ 1838ರವರೆಗೆ ಮಗಳು ಮೇರಿಯಾನ್ ಬಗ್ಗೆ ಬರೆದಿಟ್ಟಳು. ಹಲ್ಲು, ನಿದ್ದೆ, ಹಟ, ಅತ್ತ ಕೂಡಲೇ ಎತ್ತಿಕೊಳ್ಳಬೇಕೋ ಬೇಡವೋ. ಮಕ್ಕಳನ್ನು ಬೆಳೆಸುವ ಪುಸ್ತಕ ಓದುತ್ತಾಳೆ, ಅದರಲ್ಲಿ ಹೇಳಿದ್ದಕ್ಕೂ ಮಡಿಲಲ್ಲಿರುವ ಮಗುವಿಗೂ ತಾಳೆಯಾಗದೆ ಒದ್ದಾಡ್ತಾಳೆ. ಮೊದಲ ಪುಟದಲ್ಲೇ ಇದು ಮಗಳಿಗೆ, ತಾನು ಬದುಕಿದ್ದು ಕೈಯಾರೆ ಕೊಡಲಾಗದಿದ್ದರೆ ತಾಯಿಯ ಪ್ರೀತಿಯ ಗುರುತಾಗಿ ಇರಲಿ ಅಂತ ಇದೆ. ಮಗುವಿಗೆ ಆಗ ಆರು ತಿಂಗಳು, ತಾಯಿಗೆ ಇಪ್ಪತ್ತನಾಲ್ಕು. ಅದಕ್ಕೆ ಹಿಂದಿನ ಹೆರಿಗೆಯಲ್ಲಿ ಹೆಣ್ಣುಮಗು ಸತ್ತೇ ಹುಟ್ಟಿತ್ತು. ಈ ಮಗಳನ್ನ ದೇವರ ಹಾಗೆ ಪೂಜಿಸುವಂತಾಗದಿರಲಿ ಅಂತ ಮತ್ತೆ ಮತ್ತೆ ತನಗೆ ತಾನೇ ಹೇಳಿಕೊಳ್ತಾಳೆ. ಅಷ್ಟು ಪ್ರೀತಿಸಿದ್ದನ್ನ ದೇವರು ಕಿತ್ತುಕೊಂಡಾನು ಅನ್ನೋ ಭಯ. ಇಲ್ಲಿ ನನ್ನ ಕೆಲಸದ ಕ್ರಮದ ಅಳತೆಗೋಲು ನಡೆಯೋದಿಲ್ಲ. ಇದು ಬೇರೆಯೇ ಥರದ ಡೈರಿ, ನಂಬಬೇಕೋ ಬೇಡವೋ ಅನ್ನೋ ಪ್ರಶ್ನೆಯೇ ನನಗೆ ಏಳಲಿಲ್ಲ.

ಎಚ್.ಎಸ್. (ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೈಸೂರು)

ಒಳ್ಳೆಯ ಚರ್ಚೆ. ಜೇನ್ ಕಾರ್ಲೈಲ್ ಅವರನ್ನು ಮರೆಯಬಾರದು. ಇತಿಹಾಸಕಾರ ಥಾಮಸ್ ಕಾರ್ಲೈಲ್ ಪತ್ನಿ, ಲಂಡನ್ನಿನ ಚೆಲ್ಸಿಯಲ್ಲಿ ವಾಸ. 1855ರ ಅಕ್ಟೋಬರಿನಲ್ಲಿ ಆರಂಭಿಸಿದ ಡೈರಿ ಚಿಕ್ಕದು, ಮಂಕು ಕವಿದದ್ದು. ನಿದ್ದೆಯಿಲ್ಲದ ರಾತ್ರಿಗಳು, ಹರಿದ ಬಟ್ಟೆಯ ಹೊಲಿಗೆ, ಗಂಡ ತಮ್ಮ ಸಿರಿವಂತ ಗೆಳತಿ ಲೇಡಿ ಆಶ್‌ಬರ್ಟನ್ ಮನೆಯ ಕಡೆ ಹೆಜ್ಜೆ ಹಾಕುವುದನ್ನು ನೋಡುತ್ತ ಕೂತದ್ದು. 1866ರಲ್ಲಿ ಆಕೆ ಹೋದ ಮೇಲೆ ಕಾರ್ಲೈಲ್ ಅದನ್ನು ಓದಿ ಕುಸಿದರು.

ಡೈರಿ ಆರಂಭಿಸಿದ 1855ರ ಫೆಬ್ರವರಿಯಲ್ಲೇ ಆಕೆ ಬರೆದ ಇನ್ನೊಂದು ಕಾಗದ ಇದೆ. ಡೈರಿಯಲ್ಲ, ಮನೆಖರ್ಚಿನ ಬಜೆಟ್! ಗಂಡ ಕೊಡುವ ದುಡ್ಡು ಸಾಲುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಅವರು ಗದರುತ್ತಾರೆ. ಅದಕ್ಕೆ ಪಾರ್ಲಿಮೆಂಟಿನ ಭಾಷಣದ ಧಾಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟರು. ಬ್ರೆಡ್ಡು, ಬೆಣ್ಣೆ, ಕಲ್ಲಿದ್ದಲು, ಮೋಂಬತ್ತಿ ಎಷ್ಟೆಷ್ಟು ಏರಿದೆ, ಹೊಸ ಕೆಲಸದವಳ ಊಟಕ್ಕೆ ಎಷ್ಟು ಹೆಚ್ಚು, ಎಲ್ಲ ಬಾಬತ್ತು ಬಾಬತ್ತಾಗಿ. ಕೇಳಿದ್ದು 29 ಪೌಂಡು. ಕಾರ್ಲೈಲ್ ಓದಿ ನಕ್ಕು, ಹೊಗಳಿ, 30 ಮಂಜೂರು ಮಾಡಿದರು. ಮಹಾ ಇತಿಹಾಸಕಾರನ ಮನೆಯಲ್ಲಿ ಮೋಂಬತ್ತಿಯ ಬೆಲೆ ಗೊತ್ತಿದ್ದದ್ದು ಒಬ್ಬರಿಗೇ.

ಸುಮಂಗಲಾ (ಸಾಗರ, ಈಗ ಲಂಡನ್)

ಮೇಷ್ಟ್ರೇ, ಆ ಬಜೆಟ್ ನನಗೂ ಪ್ರಾಣ. ಆದರೆ ಒಂದು ಮಾತು. ಅದರಲ್ಲಿ ಹೊಸ ಕೆಲಸದವಳು ಹೊಟ್ಟೆ ತುಂಬಾ ತಿಂತಾಳೆ ಅನ್ನೋದೂ ಒಂದು ಖರ್ಚಿನ ಬಾಬತ್ತು. ಜೇನ್ ಕಷ್ಟ ನಿಜ, ಅವಳ ಹಾಸ್ಯವೂ ನಿಜ. ಆ ಹುಡುಗಿಯ ಹಸಿವನ್ನ ಮಾತ್ರ ಅವಳ ಬಾಯಿಂದ ಕೇಳೋಕೆ ನಮಗೆ ಕಾಗದ ಸಿಕ್ಕಿಲ್ಲ.

ರಾಘವೇಂದ್ರ ಕೆ.

ಹ್ಯಾಲಿಫ್ಯಾಕ್ಸ್‌ನ ಆ್ಯನ್ ಲಿಸ್ಟರ್? ಟಿ.ವಿ. ಸರಣಿ ನೋಡಿದೆ. ಸಂಕೇತಲಿಪಿಯಲ್ಲಿ ಬರೆದವಳು. ಚೈತ್ರಾಗೆ ಉಪಯೋಗಕ್ಕೆ ಬರಬಹುದೇ? ಮತ್ತೆ ಇಂಡಿಯಾಕ್ಕೆ ಬಂದ ಮೇಮ್‌ಸಾಬರ ಡೈರಿಗಳು?

ಸುಮಂಗಲಾ (ಸಾಗರ, ಈಗ ಲಂಡನ್)

ಲಿಸ್ಟರ್ ದೊಡ್ಡ ಕಡಲು. 1840ರಲ್ಲಿ ತೀರಿಕೊಂಡಳು. ಲಕ್ಷಗಟ್ಟಲೆ ಪದ, ಅದರಲ್ಲಿ ಆರರಲ್ಲೊಂದು ಪಾಲು ಗುಟ್ಟಿನ ಲಿಪಿ, ಹೆಂಗಸರ ಜೊತೆಗಿನ ಅವಳ ಪ್ರೀತಿಯೆಲ್ಲ ಅದರೊಳಗೆ. 1890ರ ದಶಕದಲ್ಲಿ ಅವಳ ವಂಶದವನೊಬ್ಬ ಗೆಳೆಯನ ಜೊತೆ ಕೂತು ಲಿಪಿ ಬಿಡಿಸಿದ. ಓದಿ ಗಾಬರಿಯಾದ ಗೆಳೆಯ ಸುಟ್ಟುಬಿಡು ಅಂದ. ಅವನು ಸುಡದೆ ಮನೆಯ ಮರದ ಗೋಡೆಯ ಹಿಂದೆ ಬಚ್ಚಿಟ್ಟ. ಆದರೆ ಅವಳು ಜಮೀನುದಾರಿಣಿ, ಕಲ್ಲಿದ್ದಲು ಗಣಿ ನಡೆಸಿದವಳು. ಚೈತ್ರಾಳ ಪ್ರಬಂಧ ಅಡುಗೆಮನೆಯದ್ದು. ಅಲ್ಲಿ ಇಳಿದರೆ ಸೆಮಿನಾರ್ ಮುಗಿದರೂ ಮೇಲೆ ಬರೋಕಾಗಲ್ಲ. ಮೇಮ್‌ಸಾಬರದ್ದು ಇನ್ನೊಂದೇ ಪ್ರಬಂಧ, ಈಗ ಬೇಡ.

ಚೈತ್ರಾ, ಇನ್ನೊಂದು ವಿಷಯ ನೆನಪಲ್ಲಿಟ್ಟುಕೋ. ಡೈರಿ ಓದುವಾಗ ಕಾಗದವನ್ನೂ ನೋಡು. 1812ರಲ್ಲಿ ಲಂಡನ್ನಿನ ಜಾನ್ ಲೆಟ್ಸ್ ಎಂಬ ಕಾಗದದ ವ್ಯಾಪಾರಿ ತಾರೀಖು ಅಚ್ಚಾದ ಡೈರಿ ಮಾರಲು ಶುರುಮಾಡಿದ. ಆಮೇಲೆ ಅದು ಮನೆಮನೆಗೂ ಹೋಯಿತು. ಅಂಥದ್ದರಲ್ಲಿ ದಿನಕ್ಕೆ ಇಷ್ಟೇ ಜಾಗ ಅಂತ ಗೆರೆ ಹಾಕಿರತ್ತೆ. ಮಗು ಕಾಯಿಲೆ ಬಿದ್ದರೂ ಅಷ್ಟೇ ಜಾಗ, ಹೊಸ ಟೋಪಿ ಕೊಂಡರೂ ಅಷ್ಟೇ ಜಾಗ. "ಇವಳಿಗೆ ಭಾವನೆಯೇ ಇಲ್ಲ" ಅಂತ ಬರೆಯೋ ಮೊದಲು ಅವಳಿಗೆ ಎಷ್ಟು ಗೆರೆ ಸಿಕ್ಕಿತ್ತು ಅಂತ ಕೇಳಬೇಕು. ಹ್ಯಾನಾ ಬರೆದದ್ದು ಖಾಲಿ ಹಾಳೆಯ ಮೇಲೆ, ಅದಕ್ಕೇ ಅವಳ ದಿನ ಅಷ್ಟುದ್ದ ಹರಿಯತ್ತೆ.

ಲಂಡನ್ನಿನ ಬಿಷಪ್ಸ್‌ಗೇಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಾಮಾನ್ಯರ ಡೈರಿಗಳನ್ನೇ ಕೂಡಿಡುವ ಸಂಗ್ರಹ ಇದೆ, ಹತ್ತು ಸಾವಿರಕ್ಕೂ ಮೇಲೆ ಸೇರಿವೆ. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಎದುರಿಗೇ. ಅಲ್ಲಿಂದ ಏನಾದರೂ ನೋಡಿ ಹೇಳಬೇಕಿದ್ದರೆ ನನಗೆ ಮೆಸೇಜ್ ಮಾಡು, ಡ್ಯೂಟಿ ಮುಗಿದ ಮೇಲೆ ಹೋಗಿ ಬರ್ತೇನೆ.

ಚೈತ್ರಾ (ಧಾರವಾಡ)

ಅಕ್ಕಾ, ತಲೆಬರಹ ಸಿಕ್ತು: "ಒಂದು ಶನಿವಾರ, ಎರಡು ಮಹಡಿ." ಹ್ಯಾನಾಳ ಶನಿವಾರದ ಪಕ್ಕ ಮೇರಿಯನ್‌ಳ ಒಂದು ಶನಿವಾರ ಇಟ್ಟು, ನಡುವೆ 1881ರ ಜನಗಣತಿ. ನಡುವೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಂತರ ಬರ್ತದಲ್ಲ, ಅದು ತಪ್ಪಾಗ್ತದಾ?

ವಿನಯ್ ಜಿ.

ತಪ್ಪಲ್ಲ, ಆದರೆ ಬೇರೆ ಬೇರೆ ಮನೆ, ಬೇರೆ ಬೇರೆ ಕಾಲ ಎಂದು ಮೊದಲ ಪುಟದಲ್ಲೇ ಹೇಳಿಬಿಡಿ. ಬೇರೆಯವರು ಹೇಳುವ ಮುಂಚೆ ನೀವೇ ಹೇಳಿದರೆ ಸರಿ. ಮನ್ಬಿಯ ವಿಷಯವನ್ನೂ ಅಷ್ಟೇ, ಅಡಿಟಿಪ್ಪಣಿಗೆ ತಳ್ಳಬೇಡಿ.

ಸುಮಂಗಲಾ (ಸಾಗರ, ಈಗ ಲಂಡನ್)

ವಿನಯ್ ಹೇಳಿದ ಹಾಗೆ ಮಾಡು. ಹ್ಯಾನಾಳ ಆ ಶನಿವಾರವನ್ನ ಪೂರ್ತಿ ಓದು, "ಇತ್ಯಾದಿ" ಹಾಕಿ ಮೊಟಕು ಮಾಡಬೇಡ. ಕೇಳುವವರಿಗೆ ಬೇಜಾರಾದರೆ ಆಗಲಿ.